ಒಂದು ಸಲ ಒತ್ತಿದರೆ ಒಂದೇ ಗುಂಡು

ನಂದಿ ಸೀಮೆಯಲ್ಲಿ ಬಂದೂಕಿನ ಮಾತು ಬಂದರೆ ಹಳಬರಿಗೆ ಎರಡು ಸಂಗತಿ ನೆನಪಾಗುತ್ತವೆ. ಒಂದು, 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕಾವಲಿನಲ್ಲಿದ್ದ ನಂದಿದುರ್ಗವನ್ನು ಮುತ್ತಿಗೆ ಹಾಕಿ ಹಿಡಿದದ್ದು. ಇನ್ನೊಂದು, 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಬರಿಗೈ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು. ಮೂವತ್ತೆರಡು ಮಂದಿ ಸತ್ತರೆಂದು ನಮ್ಮ ಕಡೆಯವರು ಇವತ್ತಿಗೂ ನೆನೆಯುತ್ತಾರೆ. ಮಕ್ಕಳಿಗೆ ಮಾತ್ರ ನೆನಪಾಗುವುದು ಬೇರೆ. ಶಿವರಾತ್ರಿಗೆ ಭೋಗನಂದೀಶ್ವರನ ತೇರಿನ ಜಾತ್ರೆಯಲ್ಲಿ ಬಲೂನು ಹೊಡೆಯುವ ಗಾಳಿಕೋವಿ, ಇಲ್ಲವೇ ಮೊಬೈಲಿನ ಆಟದಲ್ಲಿ ಬೆರಳೊತ್ತಿದಷ್ಟು ಹೊತ್ತೂ ಗುಂಡು ಸುರಿಸುವ ಬಂದೂಕು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಕೆಲವು ವರ್ಷ ಎನ್.ಸಿ.ಸಿ. ಮಕ್ಕಳನ್ನು ಶಿಬಿರಕ್ಕೆ ಕರೆದೊಯ್ಯುವ ಹೊಣೆಯೂ ನನ್ನ ಪಾಲಿಗೆ ಬಂದಿತ್ತು. ಆ ದಿನಗಳಲ್ಲಿ ನನಗೆ ಗೊತ್ತಾದ ಒಂದು ಸಂಗತಿ ಎಂದರೆ, ಬಂದೂಕನ್ನು ಕುರಿತು ನಮ್ಮಲ್ಲಿ ಇರುವುದು ಭಯ ಇಲ್ಲವೇ ಮೋಹ. ತಿಳಿವಳಿಕೆ ಮಾತ್ರ ಕಡಿಮೆ. ಭಯಪಡುವವರು ಸಾಮಾನ್ಯವಾಗಿ ತಂದೆತಾಯಂದಿರು, ಮೋಹಪಡುವವರು ಮಕ್ಕಳು. ಇಬ್ಬರ ನಡುವೆ ನಿಂತು ಒಂದಿಷ್ಟು ವಿಜ್ಞಾನ, ಒಂದಿಷ್ಟು ಇತಿಹಾಸ ಹೇಳುವುದು ಮೇಷ್ಟರ ಕೆಲಸವೆಂದು ನಾನು ಅಂದುಕೊಂಡಿದ್ದೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ.

ಎನ್.ಸಿ.ಸಿ.ಯಲ್ಲಿ ಮಕ್ಕಳ ಕೈಗೆ ಮೊದಲು ಕೊಡುವ ಬಂದೂಕು .22 ರೈಫಲ್. ಶಿಬಿರದ ಭಾಷೆಯಲ್ಲಿ 'ಪಾಯಿಂಟ್ ಟೂ ಟೂ'. ನಳಿಗೆಯ ಒಳ ಅಳತೆ ಅಂಗುಲದ ನೂರರಲ್ಲಿ ಇಪ್ಪತ್ತೆರಡು ಭಾಗ, ಅಂದರೆ ಸುಮಾರು 5.6 ಮಿಲಿಮೀಟರ್. ತೋಟಾ ಕಿರುಬೆರಳಿಗಿಂತ ಸಣ್ಣದು, ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ನೋಡಿದ ಹುಡುಗರು 'ಇಷ್ಟೇನಾ ಸಾರ್?' ಎನ್ನುವುದುಂಟು. ಈ 'ಇಷ್ಟೇನಾ' ಎಂಬ ಮಾತಿನಲ್ಲೇ ಅಪಾಯವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಕ್ಕಿ ಹಾರಿಹೋದ ಕಥೆ

ನಂದಿದುರ್ಗಕ್ಕೆ ಲಗ್ಗೆ ಹಾಕಿದ ಸೈನಿಕರ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು. ಕುದುರೆಗೆ ಕಚ್ಚಿಸಿದ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಿಸಬೇಕು, ಕಿಡಿ ಬಟ್ಟಲಿನ ಮದ್ದಿಗೆ ತಗುಲಬೇಕು, ಆ ಬೆಂಕಿ ಸಣ್ಣ ತೂತಿನಿಂದ ನಳಿಗೆಯೊಳಗೆ ಹೋಗಬೇಕು. ಮಳೆ ಬಂದರೆ ಮದ್ದು ನೆನೆಯಿತು, ಗಾಳಿ ಬೀಸಿದರೆ ಹಾರಿಹೋಯಿತು. ಒಂದು ಈಡು ತುಂಬಿ ಹೊಡೆಯಲು ಪಳಗಿದ ಸಿಪಾಯಿಗೂ ಹದಿನೈದು ಇಪ್ಪತ್ತು ಸೆಕೆಂಡು ಬೇಕಿತ್ತು.

ಇದನ್ನು ಬದಲಿಸಿದವನು ಸೇನಾಧಿಪತಿಯಲ್ಲ, ಸ್ಕಾಟ್ಲೆಂಡಿನ ಒಬ್ಬ ಪಾದ್ರಿ. ಹೆಸರು ಅಲೆಕ್ಸಾಂಡರ್ ಫೋರ್ಸಿತ್. ಆತನಿಗೆ ಹಕ್ಕಿ ಬೇಟೆಯ ಹುಚ್ಚು. ಬಟ್ಟಲಿನ ಮದ್ದು ಭಗ್ಗೆಂದ ಕೂಡಲೇ, ಗುಂಡು ಹೊರಡುವ ಮೊದಲೇ, ಹಕ್ಕಿ ಹಾರಿಹೋಗುತ್ತಿತ್ತಂತೆ. ಪೆಟ್ಟು ಬಿದ್ದೊಡನೆ ಸಿಡಿಯುವ ಪಾದರಸದ ಫಲ್ಮಿನೇಟ್ ಎಂಬ ರಾಸಾಯನಿಕವನ್ನು 1800ರಲ್ಲಿ ಎಡ್ವರ್ಡ್ ಹೋವರ್ಡ್ ವಿವರಿಸಿದ್ದ. ಇಂಥ ಸಿಡಿಮದ್ದನ್ನೇ ಕಿಡಿಯ ಬದಲು ಬಳಸುವ ಉಪಾಯಕ್ಕೆ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಬಂದದ್ದು ಮಲೆನಾಡಿನವರು ಚೆನ್ನಾಗಿ ಬಲ್ಲ ಕೇಪಿನ ಕೋವಿ. ದೀಪಾವಳಿಯಲ್ಲಿ ಮಕ್ಕಳು ಕಲ್ಲಿನಿಂದ ಕುಟ್ಟಿ ಸಿಡಿಸುವ ಕೇಪಿನ ತತ್ವವೂ ಅದೇ: ಬೆಂಕಿ ಬೇಡ, ಪೆಟ್ಟು ಸಾಕು.

ಮುಂದಿನ ಹೆಜ್ಜೆ ಸಹಜವಾಗಿಯೇ ಬಂತು. ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಲೋಹದ ಚಿಪ್ಪಿನಲ್ಲಿ ಸೇರಿಸಿದರೆ ಹೇಗೆ? ಫ್ರಾನ್ಸಿನ ಫ್ಲೋಬೆರ್ 1845ರಲ್ಲಿ ಕೇಪಿನ ಬಾಯಿಗೆ ಪುಟ್ಟ ಗುಂಡು ಕೂರಿಸಿ, ಮನೆಯೊಳಗೇ ಗುರಿ ಹೊಡೆಯುವ ಆಟಕ್ಕೆ ಬಂದೂಕು ಮಾಡಿದ. ಅದರಲ್ಲಿ ಬೇರೆ ಮದ್ದೇ ಇರಲಿಲ್ಲ, ಕೇಪಿನ ಶಕ್ತಿಯೇ ಗುಂಡನ್ನು ತಳ್ಳುತ್ತಿತ್ತು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪೆನಿ ಅದಕ್ಕೆ ಮದ್ದನ್ನೂ ಸೇರಿಸಿ, .22 ತೋಟಾ ಮತ್ತು ಅದಕ್ಕೆ ಹೊಂದುವ ಏಳು ಗುಂಡಿನ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು.

1857 ಎಂದ ಕೂಡಲೇ ಹತ್ತನೆಯ ತರಗತಿಯ ಮಕ್ಕಳ ಕಿವಿ ನಿಮಿರುತ್ತದೆ. ಹೌದು, ಅದೇ ವರ್ಷ. ನಮ್ಮಲ್ಲಿ ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು, ಅದಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಸಿಪಾಯಿಗಳ ಸಿಟ್ಟಿಗೆ ಕಿಡಿಯಾಯಿತು. ಅದೇ ಹೊತ್ತಿಗೆ ಭೂಮಿಯ ಆ ಬದಿಯಲ್ಲಿ ಕಚ್ಚುವ, ಹರಿಯುವ, ಮದ್ದು ಸುರಿಯುವ ಕೆಲಸವೇ ಬೇಡದ ಲೋಹದ ತೋಟಾ ಅಂಗಡಿಗೆ ಬಂದಿತ್ತು. ಇಸವಿಗಳನ್ನು ಬಾಯಿಪಾಠ ಮಾಡುವ ಬದಲು ಹೀಗೆ ಅಕ್ಕಪಕ್ಕ ಇಟ್ಟು ನೋಡಿದರೆ ಚರಿತ್ರೆ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.

ಅಂಚಿಗೆ ಬೀಳುವ ಪೆಟ್ಟು

ಈ ಪುಟ್ಟ ತೋಟಾವನ್ನು ರಿಮ್‌ಫೈರ್ ಎನ್ನುತ್ತಾರೆ. ಹೆಸರಿನಲ್ಲೇ ಅದರ ಗುಟ್ಟಿದೆ. ಚಿಪ್ಪಿನ ಬುಡದಲ್ಲಿ ಲೋಟದ ಬುಡಕ್ಕಿರುವಂತೆ ಹೊರಚಾಚಿದ ಅಂಚಿದೆ. ಆ ಅಂಚು ಒಳಗೆ ಟೊಳ್ಳು. ತಯಾರಿಸುವಾಗ ಸಿಡಿಮದ್ದಿನ ಸರಿಯನ್ನು ಚಿಪ್ಪಿಗೆ ಹಾಕಿ ಗಿರ್ರನೆ ತಿರುಗಿಸುತ್ತಾರೆ. ಮೊಸರು ಕಡೆಯುವಾಗ ಮಜ್ಜಿಗೆ ಗಡಿಗೆಯ ಅಂಚಿಗೆ ಸರಿಯುವಂತೆ ಸಿಡಿಮದ್ದು ಅಂಚಿನ ಸುತ್ತ ತುಂಬಿಕೊಳ್ಳುತ್ತದೆ. ಬಂದೂಕಿನ ಸೂಜಿ ಆ ಅಂಚನ್ನು ಜಜ್ಜಿದಾಗ ಸಿಡಿಮದ್ದು ಸಿಡಿದು, ಮದ್ದು ಹೊತ್ತಿ, ಅನಿಲ ಉಬ್ಬಿ ಗುಂಡನ್ನು ತಳ್ಳುತ್ತದೆ.

ಇದರ ಅನುಕೂಲ ಅಗ್ಗ ಮತ್ತು ಸರಳ. ಅನಾನುಕೂಲವೂ ಅದರ ಹೊಟ್ಟೆಯಲ್ಲೇ ಇದೆ. ಸೂಜಿಯ ಪೆಟ್ಟಿಗೆ ಜಜ್ಜಿಹೋಗುವಷ್ಟು ಅಂಚು ತೆಳುವಾಗಿರಬೇಕು, ತೆಳುವಾದರೆ ಹೆಚ್ಚು ಒತ್ತಡ ತಡೆಯಲಾರದು. ಹಾಗಾಗಿ ದೊಡ್ಡ ಬಂದೂಕುಗಳು ನಡುಬುಡಕ್ಕೆ ಪೆಟ್ಟು ಬೀಳುವ ತೋಟಾಗಳಿಗೆ ಹೋದವು, ಅಂಚಿನ ಪೆಟ್ಟಿನದು ಸಣ್ಣ ಬಂದೂಕುಗಳಲ್ಲೇ ಉಳಿಯಿತು. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪೆನಿ ಹೊರತಂದ .22 ಲಾಂಗ್ ರೈಫಲ್ ಎಂಬ ತೋಟಾ ಇವತ್ತಿಗೂ ಲೋಕದ ತುಂಬ ಬಳಕೆಯಲ್ಲಿದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಆಸುಪಾಸಿನಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ತೋಟಾ ಕೋವಿಯ ವಿಭಾಗದ ಜೊತೆ .22 ವಿಭಾಗವನ್ನೂ ನೀವು ನೋಡಬಹುದು. ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯೂ .22 ರೈಫಲ್ ಮಾಡಿದೆ.

ಎನ್.ಸಿ.ಸಿ. ಮಕ್ಕಳ .22 ಬೋಲ್ಟ್ ರೈಫಲ್. ಒಂದು ಗುಂಡು ಹಾರಿದ ಮೇಲೆ ಬೋಲ್ಟಿನ ಹಿಡಿಯನ್ನು ಕೈಯಿಂದ ಎತ್ತಿ ಹಿಂದಕ್ಕೆ ಎಳೆಯಬೇಕು, ಖಾಲಿ ಚಿಪ್ಪು ಹೊರಗೆ ಬೀಳುತ್ತದೆ. ಹೊಸ ತೋಟಾ ಒಳಗೆ ಸೇರಿಸಿ ಬೋಲ್ಟನ್ನು ಮುಂದೆ ತಳ್ಳಿ ಮಡಚಬೇಕು. ಆಮೇಲೆ ಗುರಿ, ಆಮೇಲೆ ಉಸಿರು, ಆಮೇಲೆ ಬೆರಳು.

ತಾನೇ ತುಂಬಿಕೊಳ್ಳುವ ಬಂದೂಕು

ಹನ್ನೆರಡು ವರ್ಷಕ್ಕೂ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕೇಳಿದಳು: "ಸಾರ್, ಪುಸ್ತಕದಾಗೆ ಸೆಮಿ ಆಟೋಮ್ಯಾಟಿಕ್ ಅಂತ ಐತೆ. ಅದಕ್ಕೆ ಬೋಲ್ಟ್ ಎಳೆಯೋರು ಯಾರು?" ಶಿಡ್ಲಘಟ್ಟದ ರೀಲರ್ ಮನೆಯ ಹುಡುಗಿ. ಮನೆಯಲ್ಲಿ ಚರಕದ ಮುಂದೆ ಕೂತು ಗೂಡಿನಿಂದ ನೂಲು ಬಿಚ್ಚುವುದನ್ನು ನೋಡುತ್ತಾ ಬೆಳೆದವಳು. 'ಮಾಡೋರು ಯಾರು' ಎಂಬ ಪ್ರಶ್ನೆ ಅವಳಿಗೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಎಳೆ ಕಡಿದಾಗ ಹೊಸ ಗೂಡಿನ ಎಳೆಯನ್ನು ಕೈಯಿಂದ ಕೊಡುವ ಕೆಲಸ ಎಷ್ಟು ಬೇಸರದ್ದೆಂದು ಅವಳಿಗೆ ಗೊತ್ತಿತ್ತು.

ಉತ್ತರಕ್ಕೆ ಬಂದೂಕು ಬೇಕಾಗಿರಲಿಲ್ಲ. ಒಂದು ಸ್ಪ್ರಿಂಗನ್ನು ಅದುಮಿ ದಾರ ಕಟ್ಟಿ ಮೇಜಿನ ಮೇಲಿಟ್ಟೆವು. ಒಂದು ಬದಿಗೆ ಗೋಲಿ, ಇನ್ನೊಂದು ಬದಿಗೆ ದಿನಸಿ ಅಂಗಡಿಯಿಂದ ತಂದ ಅರ್ಧ ಕಿಲೋ ತೂಕದ ಕಲ್ಲು. ದಾರಕ್ಕೆ ಬೆಂಕಿ ತಾಗಿಸಿದಾಗ ಗೋಲಿ ಮೇಜಿನಿಂದ ಹಾರಿ ಕೊನೆಯ ಬೆಂಚಿನ ಕಾಲಿಗೆ ಬಡಿಯಿತು. ತೂಕದ ಕಲ್ಲು ಕೂದಲೆಳೆಯಷ್ಟು ಹಿಂದೆ ಸರಿಯಿತು. ನ್ಯೂಟನ್ನನ ಮೂರನೆಯ ನಿಯಮ. ಎರಡಕ್ಕೂ ಸಿಕ್ಕಿದ ನೂಕು ಒಂದೇ, ಆದರೆ ಹಗುರಾದದ್ದು ಓಡುತ್ತದೆ, ಭಾರವಾದದ್ದು ತೆವಳುತ್ತದೆ.

ಅರೆ ಸ್ವಯಂಚಾಲಿತ .22 ರೈಫಲಿನ ಒಳಗೆ ನಡೆಯುವುದು ಇಷ್ಟೇ. ಗೋಲಿಯ ಜಾಗದಲ್ಲಿ ಗುಂಡು, ತೂಕದ ಕಲ್ಲಿನ ಜಾಗದಲ್ಲಿ ಬೋಲ್ಟು. ಈ ಬೋಲ್ಟಿಗೆ ಬೀಗವಿಲ್ಲ. ಹಿಂದೆ ಇರುವ ಸ್ಪ್ರಿಂಗ್ ಅದನ್ನು ತೋಟಾಕ್ಕೆ ಒತ್ತಿಕೊಂಡಿರುತ್ತದೆ, ಅಷ್ಟೆ. ಗುಂಡು 2.6 ಗ್ರಾಂ, ಬೋಲ್ಟು ಇನ್ನೂರು ಗ್ರಾಂ ಎಂದು ಇಟ್ಟುಕೊಳ್ಳಿ. ಬೋಲ್ಟು ಸುಮಾರು 77 ಪಟ್ಟು ಭಾರ. ಹಾಗಾದರೆ ಗುಂಡು ನಳಿಗೆಯಲ್ಲಿ ಆರು ಸೆಂಟಿಮೀಟರ್ ಮುಂದೆ ಹೋಗುವಷ್ಟರಲ್ಲಿ ಬೋಲ್ಟು ಹಿಂದೆ ಸರಿಯುವುದು ಒಂದು ಮಿಲಿಮೀಟರಿಗೂ ಕಡಿಮೆ. ಒತ್ತಡ ಜೋರಾಗಿರುವ ಆ ಮೊದಲ ಕ್ಷಣದಲ್ಲಿ ತೋಟಾದ ಚಿಪ್ಪು ಇನ್ನೂ ನಳಿಗೆಯೊಳಗೆ ಭದ್ರವಾಗಿರುತ್ತದೆ. ಬೋಲ್ಟು ಪೂರ್ತಿ ಹಿಂದೆ ಬಂದು ಚಿಪ್ಪನ್ನು ಹೊರಗೆಸೆಯುವ ಹೊತ್ತಿಗೆ ಗುಂಡು ನಳಿಗೆ ಬಿಟ್ಟು ಹೊರಟಾಗಿದೆ. ಹಿಂದೆ ಹೋಗುತ್ತಾ ಬೋಲ್ಟು ಕುದುರೆಯನ್ನು ಎತ್ತಿ ನಿಲ್ಲಿಸುತ್ತದೆ, ಸ್ಪ್ರಿಂಗ್ ಅದನ್ನು ಮುಂದೆ ತಳ್ಳುವಾಗ ಮ್ಯಾಗಜಿನ್ನಿನ ಹೊಸ ತೋಟಾವನ್ನು ನಳಿಗೆಗೆ ಸೇರಿಸುತ್ತದೆ. ಬೋಲ್ಟ್ ಎಳೆಯುವವರು ಯಾರು ಎಂದರೆ, ಹಾರಿಹೋದ ಗುಂಡೇ ಹಿಂದಿನಿಂದ ಎಳೆದು ಹೋಯಿತು ಎನ್ನಬೇಕು.

ಹುಡುಗಿ ಬಿಡಲಿಲ್ಲ. "ಹಂಗಾದ್ರೆ ಬೆರಳು ಒತ್ತಿ ಹಿಡಿದ್ರೆ ಎಲ್ಲಾ ಗುಂಡೂ ಹೋಗ್ತಾವಲ್ವಾ ಸಾರ್?" ಒಳ್ಳೆಯ ಪ್ರಶ್ನೆ. ಹೋಗುವುದಿಲ್ಲ. ಟ್ರಿಗರಿಗೂ ಕುದುರೆಗೂ ನಡುವೆ ಒಂದು ಪುಟ್ಟ ಕೊಂಡಿಯಿದೆ. ಒಂದು ಗುಂಡು ಹಾರಿದೊಡನೆ ಅದು ಇಬ್ಬರ ಸಂಬಂಧ ಕಡಿದುಬಿಡುತ್ತದೆ. ಬೆರಳನ್ನು ಸಡಿಲಿಸಿ ಮತ್ತೆ ಒತ್ತಿದರೆ ಮಾತ್ರ ಸಂಬಂಧ ಕೂಡುತ್ತದೆ. ಒಂದು ಸಲ ಒತ್ತಿದರೆ ಒಂದೇ ಗುಂಡು. ಒತ್ತಿದಷ್ಟು ಹೊತ್ತೂ ಹಾರುವುದು ಪೂರ್ಣ ಸ್ವಯಂಚಾಲಿತ, ಅದು ಸೈನ್ಯದ ಆಯುಧ. ಸುದ್ದಿಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬರೆಯುವುದನ್ನು ನೀವು ಗಮನಿಸಿರಬಹುದು. ವ್ಯತ್ಯಾಸ ಇರುವುದು ಬೆರಳಗಲದ ಆ ಒಂದು ತುಂಡಿನಲ್ಲಿ.

ಇಷ್ಟು ಸರಳವಾದದ್ದು ಮೊದಲೇ ಏಕೆ ಆಗಲಿಲ್ಲ? ಹಳೆಯ ಕರಿಮದ್ದು ಉರಿದ ಮೇಲೆ ಒಲೆಯ ಮಸಿಯಂತೆ ಕಿಟ್ಟ ಬಿಡುತ್ತಿತ್ತು. ನಾಲ್ಕು ಗುಂಡು ಹಾರಿದರೆ ಜಾರುವ ಬೋಲ್ಟು ಕಚ್ಚಿಕೊಳ್ಳಬೇಕು. ಫ್ರಾನ್ಸಿನ ಪಾಲ್ ವಿಯೆಲ್ 1884ರಲ್ಲಿ ಹೊಗೆರಹಿತ ಮದ್ದು ಮಾಡಿದ ಮೇಲೆ ದಾರಿ ತೆರೆಯಿತು. ಅಮೆರಿಕದ ವಿಂಚೆಸ್ಟರ್ ಕಂಪೆನಿಯ ಎಂಜಿನಿಯರ್ ಟಿ.ಸಿ. ಜಾನ್ಸನ್ ರೂಪಿಸಿದ 1903ರ ಮಾದರಿ, ರಿಮ್‌ಫೈರ್ ತೋಟಾ ಹಾರಿಸುವ ಅರೆ ಸ್ವಯಂಚಾಲಿತ ರೈಫಲುಗಳಲ್ಲಿ ಗೆದ್ದ ಮೊದಲನೆಯದು. ಹಿಡಿಯೊಳಗಿನ ಕೊಳವೆಯಲ್ಲಿ ಹತ್ತು ತೋಟಾ. ಆ ಕಂಪೆನಿಯವರ ಜಾಣತನ ನೋಡಿ. ಆಗಿನ್ನೂ ಅಂಗಡಿಗಳಲ್ಲಿ ಕರಿಮದ್ದಿನ .22 ತೋಟಾ ಧಾರಾಳವಾಗಿ ಸಿಗುತ್ತಿತ್ತು. ಯಾರಾದರೂ ಅದನ್ನು ತುಂಬಿ ಯಂತ್ರ ಕೆಡಿಸಿಕೊಂಡು ಕಂಪೆನಿಯನ್ನು ಬೈಯಬಾರದೆಂದು, ಬೇರೆ ಅಳತೆಯ ಹೊಗೆರಹಿತ ತೋಟಾವನ್ನೇ ಆ ಬಂದೂಕಿಗೆಂದು ಮಾಡಿದರು. ಬಳಸುವವರು ಹೇಳಿದ ಮಾತು ಕೇಳುವುದಿಲ್ಲವೆಂದು ತಿಳಿದು, ಕೇಳದಿದ್ದರೂ ಕೆಡದಂತೆ ಮಾಡುವುದೇ ಒಳ್ಳೆಯ ವಿನ್ಯಾಸ. ಎಂಜಿನಿಯರಿಂಗ್ ಓದಲು ಹೊರಟ ಮಕ್ಕಳು ನೆನಪಿಡಬೇಕಾದ ಪಾಠ. ಮುದ್ದೇನಹಳ್ಳಿಯ ಪಕ್ಕದಲ್ಲಿ ಹುಟ್ಟಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಅಡಾಲ್ಫ್ ಟಾಪರ್‌ವೀನ್ ಎಂಬ ಗುರಿಕಾರ 1907ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಈ ಮಾದರಿಯ ಬಂದೂಕಿನಿಂದ, ಗಾಳಿಯಲ್ಲಿ ಎಸೆದ 72,500 ಮರದ ತುಂಡುಗಳಿಗೆ ಗುಂಡು ಹೊಡೆದು, ತಪ್ಪಿದ್ದು ಒಂಬತ್ತೇ ಒಂಬತ್ತು. 1914ರಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ, ಖಾಲಿ ಚಿಪ್ಪನ್ನು ಕೆಳಗೆ ಉದುರಿಸುವ, ಎರಡು ತುಂಡಾಗಿ ಬಿಚ್ಚಿಡಬಹುದಾದ ರೈಫಲ್ ಬೆಲ್ಜಿಯಂನಲ್ಲಿ ತಯಾರಾಯಿತು. 1964ರಲ್ಲಿ ಬಂದ ರೂಗರ್ 10/22, ಹತ್ತು ತೋಟಾಗಳನ್ನು ಚಕ್ರದಂತೆ ಸುತ್ತಿ ಇಡುವ ಮ್ಯಾಗಜಿನ್ನಿನಿಂದ ಹೆಸರಾಗಿ ಇವತ್ತಿಗೂ ಲಕ್ಷಗಟ್ಟಲೆ ಜನರ ಕೈಯಲ್ಲಿದೆ. ನೂರು ವರ್ಷದಲ್ಲಿ ಹೊರಗಿನ ರೂಪ ಬದಲಾಯಿತು. ಒಳಗಿನ ಗೋಲಿ, ತೂಕದ ಕಲ್ಲಿನ ಲೆಕ್ಕ ಬದಲಾಗಲಿಲ್ಲ.

ತಾಯಿಯ ಮಾತು

ಫೈರಿಂಗ್ ದಿನ ಹತ್ತಿರ ಬಂದಾಗ ಆ ಹುಡುಗಿಯ ಒಪ್ಪಿಗೆ ಪತ್ರ ಸಹಿಯಿಲ್ಲದೆ ಬಂತು. ಹಿಂದೆಯೇ ತಾಯಿಯೂ ಬಂದರು. ಕೈಯಲ್ಲಿ ಬಿಸಿನೀರಿನ ಬೇಸಿನ್ನಿನಿಂದ ಬಂದ ಬಿಳಿಚು ಸುಕ್ಕು.

"ಮೇಷ್ಟ್ರೇ, ಓದೋ ಹೆಣ್ಮಗೀಗೆ ಕೋವಿ ಯಾಕೆ? ನಮ್ಮ ತಾತ ವಿದುರಾಶ್ವತ್ಥದಾಗೆ ಅವತ್ತು ಇದ್ದೋರು. ಗುಂಡಿನ ಸದ್ದು ಸಾಯೋವರ್ಗೂ ಅವ್ರ ಕಿವೀಲಿತ್ತು. ಪಟಾಕಿ ಹಚ್ಚಿದ್ರೂ ಒಳಗೆ ಹೋಗಿ ಬಾಗ್ಲು ಹಾಕ್ಕೊಳ್ಳೋರು. ಅಂಥ ಮನೇಲಿ ಹುಟ್ಟಿದ್ದು ಇದು."

ನಾನು ತಕ್ಷಣ ಏನೂ ಹೇಳಲಿಲ್ಲ. ಹೇಳುವಂಥದ್ದೂ ಇರಲಿಲ್ಲ. ಆ ಮಾತಿನ ಎದುರು ದೇಶಸೇವೆ, ಶಿಸ್ತು, ಸರ್ಟಿಫಿಕೇಟಿನ ಅಂಕ ಎಂದೆಲ್ಲ ಹೇಳಿದರೆ ಅದು ಭಾಷಣವಾಗುತ್ತಿತ್ತು. "ಅಮ್ಮಾ, ಸಹಿ ಹಾಕ್ಬೇಡಿ, ಪರವಾಗಿಲ್ಲ. ಶನಿವಾರ ಪಾಠ ಇದೆ. ಒಂದು ಗಂಟೆ ಬಂದು ಹಿಂದಿನ ಬೆಂಚಿನಲ್ಲಿ ಕೂತ್ಕೊಳ್ಳಿ. ಆಮೇಲೆ ನಿಮಗೆ ತೋಚಿದ್ದು ಮಾಡಿ" ಎಂದೆ.

ಅವರು ಬಂದರು. ಅವತ್ತಿನ ಪಾಠದಲ್ಲಿ ಗುಂಡು ಹಾರಿಸುವುದು ಇರಲಿಲ್ಲ, ಹಾರಿಸದೇ ಇರುವುದು ಹೇಗೆಂಬುದಿತ್ತು. ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು. 2.6 ಗ್ರಾಂ ಗುಂಡು, ಸೆಕೆಂಡಿಗೆ 330 ಮೀಟರ್ ವೇಗ. ಚಲನಶಕ್ತಿ ಸುಮಾರು 140 ಜೌಲ್. ಪಕ್ಕದಲ್ಲಿ ಇನ್ನೊಂದು ಲೆಕ್ಕ: 160 ಗ್ರಾಂ ಕ್ರಿಕೆಟ್ ಚೆಂಡು, ನಮ್ಮ ಶ್ರೀನಾಥ್ ಎಸೆಯುತ್ತಿದ್ದಂತೆ ಗಂಟೆಗೆ 140 ಕಿಲೋಮೀಟರ್ ವೇಗ. ಶಕ್ತಿ ಸುಮಾರು 120 ಜೌಲ್. ಅಂದರೆ ಆ 'ಇಷ್ಟೇನಾ' ಎನ್ನುವ ಗುಂಡಿನಲ್ಲಿ ಶ್ರೀನಾಥ್ ಎಸೆದ ಚೆಂಡಿಗಿಂತ ತುಸು ಹೆಚ್ಚೇ ಶಕ್ತಿಯಿದೆ. ಚೆಂಡು ಅಂಗೈ ಅಗಲದ ಮೇಲೆ ಬಡಿದರೆ ಮೂಳೆ ಮುರಿದೀತು. ಗುಂಡು ಅಷ್ಟೇ ಶಕ್ತಿಯನ್ನು ಕಡಲೆಕಾಳಿನಗಲದ ಜಾಗಕ್ಕೆ ಇಳಿಸುತ್ತದೆ. ಜಾತ್ರೆಯ ಗಾಳಿಕೋವಿಯಂಥ ಗನ್ನಿನ ಅರ್ಧ ಗ್ರಾಂ ಚರೆಗೆ ಇರುವುದು ಕೆಲವೇ ಜೌಲ್. ಅದೂ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. .22 ಗುಂಡು ತಡೆಯಿಲ್ಲದೆ ಹೋದರೆ ಸುಮಾರು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು, ಅಂದರೆ ಹೊಲ, ದ್ರಾಕ್ಷಿ ತೋಟ ದಾಟಿ ಪಕ್ಕದ ಹಳ್ಳಿಯವರೆಗೆ. ಆದ್ದರಿಂದಲೇ ಗುರಿಹಲಗೆಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಬೇಕು.

ಆಮೇಲೆ ನಿಯಮಗಳು. ಖಾಲಿ ಎಂದು ಯಾರು ಹೇಳಿದರೂ ನಂಬದೆ ಬೋಲ್ಟ್ ತೆಗೆದು ಕಣ್ಣಿನಿಂದ ನೋಡಬೇಕು. 'ಜಾಂಚ್ ಶಸ್ತ್ರ' ಎಂಬ ಆಜ್ಞೆಯ ಅರ್ಥ ಅದೇ. ನಳಿಗೆಯ ಮೂತಿ ಎಂದೂ ಮನುಷ್ಯರ ಕಡೆ ತಿರುಗಬಾರದು. ಹಾರಿಸುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು. ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ, ಅಂಚಿನಲ್ಲಿ ಸಿಡಿಮದ್ದು ಸರಿಯಾಗಿ ತುಂಬದೆ ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇರುವುದರಿಂದ, ಮೂತಿಯನ್ನು ಗುರಿಯ ಕಡೆಯೇ ಇಟ್ಟು ಅರ್ಧ ನಿಮಿಷ ಕಾಯಬೇಕು. ಅರೆ ಸ್ವಯಂಚಾಲಿತ ಬಂದೂಕಾದರೆ ಇನ್ನೊಂದು ಎಚ್ಚರಿಕೆ: ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಅದು ಖಾಲಿಯಾಗುವುದಿಲ್ಲ. ತಾನೇ ತುಂಬಿಕೊಂಡ ಒಂದು ತೋಟಾ ನಳಿಗೆಯಲ್ಲಿ ಕಾದು ಕೂತಿರುತ್ತದೆ. ಲೋಕದಲ್ಲಿ ಎಷ್ಟೋ ಮನೆಗಳ ದುಃಖಕ್ಕೆ ಆ ಮರೆತ ಒಂದು ತೋಟಾ ಕಾರಣವಾಗಿದೆ.

ಇದೇ ಕಾರಣಕ್ಕೆ ಕಲಿಯುವವರಿಗೆ ಬೋಲ್ಟ್ ರೈಫಲೇ ಸರಿಯೆಂದು ನನ್ನ ಅಭಿಪ್ರಾಯ. ಪ್ರತಿ ಗುಂಡಿಗೂ ಕೈಯೆತ್ತಿ ಬೋಲ್ಟ್ ಎಳೆಯುವಾಗ ಮನಸ್ಸಿಗೆ ಒಂದು ಬಿಡುವು ಸಿಗುತ್ತದೆ. 'ಇನ್ನೊಂದು ಹಾರಿಸಬೇಕೆ?' ಎಂದು ಯಂತ್ರವೇ ಪ್ರತಿ ಸಲ ಕೇಳಿದಂತೆ. ಅರೆ ಸ್ವಯಂಚಾಲಿತ ಬಂದೂಕು ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದೆ. ಕೇಳಿಕೊಳ್ಳುವ ಹೊಣೆ ಪೂರ್ತಿ ಬೆರಳಿನದು, ಬೆರಳ ಹಿಂದಿನ ಬುದ್ಧಿಯದು.

ಪಾಠ ಮುಗಿದ ಮೇಲೆ ತಾಯಿ ಎದ್ದು ಬಂದರು. "ಅವತ್ತು ವಿದುರಾಶ್ವತ್ಥದಾಗೆ ಬಂದೂಕು ಹಿಡಿದೋರ್ಗೂ ಯಾರಾನ ಹಿಂಗೆ ಪಾಠ ಹೇಳಿದ್ರಾ ಸಾರ್?" ಎಂದು ಕೇಳಿದರು. ಬಂದೂಕು ಹಿಡಿಯುವುದನ್ನು ಅವರಿಗೆ ಕಲಿಸಿಯೇ ಇರುತ್ತಾರೆ. ಯಾರ ಕಡೆ ಹಿಡಿಯಬಾರದು ಎಂಬುದು ಆಜ್ಞೆ ಕೊಟ್ಟವರಿಗೆ ತಿಳಿದಿರಬೇಕಾಗಿತ್ತು. ಹಾಗೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ಕೇಳಿ ಸಹಿ ಹಾಕಿದರು. "ಗೊತ್ತಿರೋರ ಕೈಲಾದ್ರೂ ಇರ್ಲಿ" ಎಂದರು.

ಹುಡುಗಿ ಫೈರಿಂಗಿಗೆ ಹೋದಳು. 25 ಮೀಟರ್ ದೂರ, ಐದು ಗುಂಡು. ಅಷ್ಟು ದೂರಕ್ಕೆ ಗುಂಡು ಸುಮಾರು ಮೂರು ಸೆಂಟಿಮೀಟರ್ ಕೆಳಗೆ ಜಾರುತ್ತದೆಂದು ಅವಳೇ ಲೆಕ್ಕ ಹಾಕಿದ್ದಳು. 'ಲೇಟ್ ಕರ್' ಎಂದಾಗ ಮಲಗಿದಳು, 'ಭರ್' ಎಂದಾಗ ತುಂಬಿದಳು. ನಾಲ್ಕು ತೂತು ಒಂದು ರೂಪಾಯಿ ನಾಣ್ಯದಿಂದ ಮುಚ್ಚುವಂತೆ ಬಿದ್ದವು, ಐದನೆಯದು ಎರಡಂಗುಲ ಬದಿಗೆ. "ಐದನೇದಕ್ಕೆ ಖುಷಿ ಆಗೋಯ್ತು ಸಾರ್, ಉಸಿರು ಹಿಡೀಲಿಲ್ಲ" ಎಂದಳು. ಆ ಮಾತು ನನಗೆ ನಾಲ್ಕು ತೂತಿಗಿಂತ ಹೆಚ್ಚು ಸಂತೋಷ ಕೊಟ್ಟಿತು. ತನ್ನ ಗುಂಡು ಎಲ್ಲಿ ಹೋಯಿತು, ಏಕೆ ಹೋಯಿತು ಎಂದು ಬಲ್ಲವಳು ಮೋಹದಿಂದಲೂ ಭಯದಿಂದಲೂ ದೂರ.

ಈಚೆಗೆ ಕೆಲವು ತಂದೆತಾಯಂದಿರು ಶೂಟಿಂಗ್ ಕ್ರೀಡೆಯ ಬಗ್ಗೆ ನನ್ನಲ್ಲಿ ವಿಚಾರಿಸುತ್ತಾರೆ. ವಿಚಾರಿಸುವಂಥದ್ದೇ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಸೈನ್ಯದ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯ ಪಿಸ್ತೂಲು ಇದೇ ಅರೆ ಸ್ವಯಂಚಾಲಿತ .22 ಜಾತಿಯದು. ಎಂಟು, ಆರು, ನಾಲ್ಕು ಸೆಕೆಂಡುಗಳ ಸರದಿಯಲ್ಲಿ ಐದೈದು ಗುಂಡು ಹೊಡೆಯಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅದೂ .22 ರಿಮ್‌ಫೈರ್. ನಮ್ಮ ಬೆಂಗಳೂರಿನ ಪಿ.ಎನ್. ಪ್ರಕಾಶ್ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. ಮಕ್ಕಳು ಆರಂಭಿಸಬೇಕಾದದ್ದೂ ಏರ್ ರೈಫಲ್, ಏರ್ ಪಿಸ್ತೂಲಿನಿಂದಲೇ, ಅದೂ ತರಬೇತುದಾರರ ಕಣ್ಣೆದುರು.

ಕಾನೂನನ್ನೂ ತಿಳಿದಿರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, 21 ವರ್ಷ ತುಂಬದವರಿಗೆ ನಿಗದಿತ ತರಬೇತಿಯ ಸಂದರ್ಭ ಬಿಟ್ಟರೆ ಆಯುಧ ಇಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ, ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ನಮ್ಮ ಕಡೆಯವರಿಗೆ ಅದು ಅನ್ವಯಿಸದು. ಬೆಟ್ಟದ ನವಿಲಿಗೆ, ಕಾಡುಹಂದಿಗೆ ಗುರಿಯಿಟ್ಟು 'ಪ್ರಾಕ್ಟೀಸ್' ಮಾಡುವ ಹುಡುಗರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ತಂದೆತಾಯಂದಿರಿಗೆ ನನ್ನ ಸಲಹೆ ಇಷ್ಟೇ. ಮಗ ಮೊಬೈಲಿನಲ್ಲಿ ಬಂದೂಕಿನ ಆಟ ಆಡುತ್ತಿದ್ದರೆ ಬೈದು ಕಸಿದುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು ಒಂದು ಪ್ರಶ್ನೆ ಕೇಳಿ: "ಇದರ ಬೋಲ್ಟ್ ಎಳೆಯೋರು ಯಾರು?" ಉತ್ತರ ಹುಡುಕಲು ಅವನು ನ್ಯೂಟನ್ನನ ಹತ್ತಿರ ಹೋಗಬೇಕು, 1857ಕ್ಕೆ ಹೋಗಬೇಕು, ಆ ಪಾದ್ರಿಯ ಹಕ್ಕಿಯ ಹಿಂದೆ ಹೋಗಬೇಕು. ಹೋಗಿ ಬಂದ ಮೇಲೆ ಎರಡನೆಯ ಪ್ರಶ್ನೆ: "ಹಾರಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತೆ?" ಆಟದಲ್ಲಿ ಅದು ಪರದೆಯ ಅಂಚಿನಲ್ಲಿ ಮಾಯವಾಗುತ್ತದೆ. ನಿಜದಲ್ಲಿ ಎಲ್ಲಾದರೂ ನಿಲ್ಲಲೇಬೇಕು. ವಿದುರಾಶ್ವತ್ಥದ ಸ್ಮಾರಕ ನಮ್ಮಿಂದ ದೂರವಿಲ್ಲ. ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರೆ, ಆ ಎರಡನೆಯ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ.